ಫೋಟೋಕ್ಕಾಗಿ ಅಪ್ಪುಗೆ

ಆಗಸ್ಟ್ 11, ಸೋಮವಾರ

ಬೆಳಿಗ್ಗೆ ಮತ್ತೆ ಠಾಣೆಯಿಂದ ಫೋನ್. ಗಣಪತಿ ಬಂತು, ಅದರ ಬೆನ್ನಿಗೇ ಈದ್ ಮಿಲಾದ್. ಅಂದರೆ ಶಾಂತಿ ಸಭೆ. ಅಂದರೆ ನಾನು. ಬಿಳಿ ಗಡ್ಡ, ಟೋಪಿ, ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ — ಅಬ್ದುಲಸಮದ ಮಾಸ್ತರನಿಗಿಂತ ಒಳ್ಳೆಯ ಮುಸಲ್ಮಾನ ಪೊಲೀಸರಿಗೆ ಇನ್ನೆಲ್ಲಿ ಸಿಗಬೇಕು? ಆ ಕಡೆಯಿಂದ ಕಿರಾಣಿ ಅಂಗಡಿಯ ಗೊಲ್ಲಾಳಪ್ಪ. ಹಣೆ ತುಂಬ ವಿಭೂತಿ. ಸಭೆ ಮುಗಿದ ಮೇಲೆ ಇನ್ಸ್‌ಪೆಕ್ಟರ್ ಸಾಹೇಬರು, "ಹಾಂ, ಅಪ್ಪಿಕೊಳ್ರಿ ಈಗ" ಅನ್ನುತ್ತಾರೆ. ಅಪ್ಪಿಕೊಳ್ಳುತ್ತೇವೆ. ಮರುದಿನ ಪೇಪರಿನಲ್ಲಿ ಫೋಟೋ, ಕೆಳಗೆ ಸೌಹಾರ್ದ ಅಂತ ಏನೋ ಒಂದು ಸಾಲು.

ಗೊಲ್ಲಾಳಪ್ಪ ನನ್ನ ಜೊತೆ ಮಾತು ಬಿಟ್ಟು ಎರಡು ವರ್ಷವಾಯಿತು. ನಾನೂ ಬಿಟ್ಟಿದ್ದೇನೆ. ಫೋಟೋ ಮಾತ್ರ ಇಬ್ಬರೂ ಬಿಟ್ಟಿಲ್ಲ.

ಆಗಸ್ಟ್ 13

ವಕೀಲರು ಹೇಳಿ ಕಳಿಸಿದರು. ಮಗನ ಕೇಸಿಗೆ 26ಕ್ಕೆ ತಾರೀಖು. ನಮ್ಮ ಕಡೆಯ ಸಾಕ್ಷಿ ಇದ್ದರೆ ಅಂದೇ ಕರೆತರಬೇಕಂತೆ. ಇನ್ನು ಮುಂದಕ್ಕೆ ಹಾಕುವುದಿಲ್ಲ.

ಸಾಕ್ಷಿ... ಇದ್ದಾನಲ್ಲ, ಎರಡು ಮನೆ ಆಚೆಗೆ.

ಎರಡು ವರ್ಷದ ಹಿಂದೆ ಜೋರಾಪುರ ಪೇಟೆಯಲ್ಲಿ ಗಣಪತಿ ಮೆರವಣಿಗೆ ಮೇಲೆ ಕಲ್ಲು ಬಿತ್ತು. ಯಾರು ಒಗೆದರೋ ದೇವರೇ ಬಲ್ಲ. ಮೆರವಣಿಗೆಯಲ್ಲಿದ್ದ ಗೊಲ್ಲಾಳಪ್ಪನ ಮಗ ಯಲ್ಲಾಲಿಂಗ ಪೊಲೀಸರ ಮುಂದೆ ನನ್ನ ಮಗ ಯುನುಸನ ಹೆಸರು ಹೇಳಿದ. ಕಣ್ಣಾರೆ ಕಂಡೆ ಅಂದ. ಯುನುಸ ಆ ಹೊತ್ತಿಗೆ ಇದ್ದದ್ದು ಅವರದೇ ಹಿತ್ತಲಲ್ಲಿ! ನೀರಿನ ಮೋಟಾರ್ ಕೆಟ್ಟಿದೆ ಬಾ ಅಂತ ಗೊಲ್ಲಾಳಪ್ಪನೇ ಕರೆಸಿದ್ದ. ರಿಪೇರಿ ಮುಗಿಯುವ ತನಕ ಪಕ್ಕದಲ್ಲೇ ನಿಂತಿದ್ದ. ಅವನ ಹೆಂಡತಿ ಹನಮವ್ವ ಚಹಾ ಮಾಡಿ ಕೊಟ್ಟಿದ್ದಳು.

ಇಷ್ಟನ್ನು ಕೋರ್ಟಿನಲ್ಲಿ ಹೇಳಿದರೆ ನನ್ನ ಮಗ ಉಳಿಯುತ್ತಾನೆ. ಅವನ ಮಗ ಸುಳ್ಳುಗಾರನಾಗುತ್ತಾನೆ. ಅದಕ್ಕೇ ಅವನ ಬಾಯಿಗೆ ಬೀಗ. ಇಬ್ರಾಹಿಂಪುರದ ಬೀಗರು ಕೇಸು ಮುಗಿಯಲಿ ಅಂತ ಯುನುಸನ ನಿಕಾಹ್ ನಿಲ್ಲಿಸಿ ಕೂತಿದ್ದಾರೆ. ಹುಡುಗಿ ಪಾಪ, ಕಾಯುತ್ತಿದ್ದಾಳೆ.

ಆಗಸ್ಟ್ 18, ಸೋಮವಾರ

ಹೊಸ ಫಜೀತಿ. ಸಾಹೇಬರಿಗೆ ನಮ್ಮ ಜೋಡಿ ಬಹಳ ಹಿಡಿಸಿಬಿಟ್ಟಿದೆ. "ನೀವಿಬ್ರೂ ಮಾದರಿ ಅದೀರಿ. ತಿಕೋಟಾ, ಬಬಲೇಶ್ವರದ ಮಂದೀನೂ ನೋಡ್ಲಿ" ಅಂತ ಜೀಪು ಹತ್ತಿಸಿದರು. ನಾಟಕ ಕಂಪನಿಯವರೂ ಹೀಗೇ ಊರೂರು ತಿರುಗುತ್ತಾರೆ. ಅವರು ಬಣ್ಣವಾದರೂ ಹಚ್ಚಿಕೊಂಡಿರುತ್ತಾರೆ.

ಹಿಂದಿನ ಸೀಟು. ಮೊಣಕಾಲಿಗೆ ಮೊಣಕಾಲು ತಾಗಿ ಕೂತರೂ ಮಾತಿಲ್ಲ. ಅವನಿಗೆ ಕೆಮ್ಮು ಹಳೆಯದು. ಮೊದಲೆಲ್ಲ ಅವನಿಗಾಗಿಯೇ ಜೇಬಿನಲ್ಲಿ ಲವಂಗ ಇಟ್ಟುಕೊಳ್ಳುತ್ತಿದ್ದೆ. ಇವತ್ತೂ ಜೇಬಿನಲ್ಲಿತ್ತು, ರೂಢಿ. ಕೊಡಲಿಲ್ಲ.

ತಿಕೋಟಾದಲ್ಲಿ ಅಪ್ಪಿಕೊಂಡೆವು. ಚಪ್ಪಾಳೆ. ಮುಂದೆ ಕೂತಿದ್ದ ಮುದುಕವ್ವ ಅನ್ನುವ ಹಿರಿಯಳು ಎದ್ದು ಕೇಳಿಯೇಬಿಟ್ಟಳು: "ಭಾಳ ಚಲೋ ಆತ್ರಿ ಯಪ್ಪಾ. ನೀವು ಒಬ್ರ ಮನ್ಯಾಗ ಒಬ್ರು ಊಟಾನೂ ಮಾಡ್ತೀರೇನ್ರಿ?"

ಸಾಹೇಬರು ನಮ್ಮ ಕಡೆ ಕಣ್ಣು ಹಾಯಿಸಿದರು, ಹೂಂ ಅನ್ನಿ ಅನ್ನುವ ಹಾಗೆ. ಗೊಲ್ಲಾಳಪ್ಪನೇ ಹೇಳಿದ: "ಮೊದಲ ಮಾಡ್ತಿದ್ವಿ, ಬೇ."

ಯಾರೂ ಚಪ್ಪಾಳೆ ತಟ್ಟಲಿಲ್ಲ.

ಬಬಲೇಶ್ವರದಲ್ಲಿ ಫ್ಯಾನ್ ಇರಲಿಲ್ಲ. ಫೋಟೋದವನು, "ಇನ್ನೊಮ್ಮೆ ಅಪ್ಪಿಕೊಳ್ರಿ, ಸ್ವಲ್ಪ ನಗ್ರಿ" ಅಂದ. ನಕ್ಕೆವು. ಅವನ ಅಂಗಿಯಲ್ಲಿ ಅದೇ ಬೆಲ್ಲದ ವಾಸನೆ, ಅಂಗಡಿಯದು. ಅಳು ಬಂತು ನನಗೆ. ಯಾಕೆ ಬಂತೋ. ಬೆವರು ಒರೆಸಿಕೊಂಡಂತೆ ಮಾಡಿದೆ.

ವಾಪಸು ಬರುವಾಗ ಜೀಪಿನಲ್ಲಿ ಧೈರ್ಯ ಮಾಡಿದೆ. "ಇಪ್ಪತ್ತಾರಕ್ಕ ಯುನುಸನ ತಾರೀಖು ಐತಿ" ಅಂದೆ. ಅವನು ಹೊರಗೆ ದ್ರಾಕ್ಷಿ ತೋಟ ನೋಡುತ್ತ ಕೂತ. ತೋಟ ಮುಗಿದು ಊರು ಬಂತು. ಆಗಲೂ ನೋಡುತ್ತಲೇ ಇದ್ದ.

ಆಗಸ್ಟ್ 22

ನಮಾಜಿನಿಂದ ಬಂದು ಟಿವಿ ಹಾಕಿದೆ. ನಾಲ್ಕು ಜನ ಕಿತ್ತಾಡುತ್ತಿದ್ದರು. ದೇಶ ಎರಡಾಗುತ್ತದಂತೆ. ಆಗುವುದೇನು ಬಂತು? ಈ ಓಣಿಯಲ್ಲಿ ಈಗ ಹಾಲಿನವನು ಬೇರೆ, ಚಹಾ ಅಂಗಡಿ ಬೇರೆ, ವಾಟ್ಸ್ಯಾಪ್ ಗ್ರೂಪು ಬೇರೆ. ಯಲ್ಲಾಲಿಂಗನ ಗಾಡಿಗೆ ಒಂದು ಬಣ್ಣದ ಧ್ವಜ, ಎದುರು ಮನೆಯ ಯಾಸೀನನ ಗಾಡಿಗೆ ಇನ್ನೊಂದು ಬಣ್ಣದ್ದು. ಇಬ್ಬರೂ ನನ್ನ ಹತ್ತಿರ ಮಗ್ಗಿ ಕಲಿತವರು.

ನನ್ನ ಹೆಂಡತಿ ಇಮಾಮಬಿ, "ಹೋಗಿ ಗೊಲ್ಲಾಳಪ್ಪನವರ ಕಾಲಾದ್ರೂ ಹಿಡೀರಿ" ಅಂದಳು. ಯುನುಸ, "ಬ್ಯಾಡ ಅಬ್ಬಾ, ಸಾಕು" ಅಂದು ಎದ್ದು ಹೋದ. ನನಗೂ ಸಾಕಾಗಿದೆ. ಸಿಟ್ಟು ಮಾಡಲೂ ಮೈಯಲ್ಲಿ ಕಸುವು ಬೇಕು.

ಆಗಸ್ಟ್ 25, ಸಂಜೆ

ನಮ್ಮ ಠಾಣೆಯ ಸಭೆ. ಬಿಸ್ಕೀಟು, ಚಹಾ, ಭಾಷಣ. ಕೊನೆಗೆ ಎಂದಿನಂತೆ, "ಹಾಂ, ಅಪ್ಪಿಕೊಳ್ರಿ."

ಗೊಲ್ಲಾಳಪ್ಪ ಕೈ ಚಾಚಿದ. ನನ್ನ ಕೈ ಮೇಲೇಳಲಿಲ್ಲ. ಮೊದಲೇ ಯೋಚನೆ ಮಾಡಿಕೊಂಡು ಹೋದದ್ದಲ್ಲ. ಏಳಲಿಲ್ಲ, ಅಷ್ಟೇ.

"ಮಾಸ್ತರ, ಫೋಟೋ..." ಅಂದರು ಸಾಹೇಬರು.

"ಸಾಹೇಬ್ರ, ಕಲ್ಲು ಬಿದ್ದ ಹೊತ್ತಿಗೆ ನನ್ನ ಮಗ ಎಲ್ಲಿದ್ದ ಅಂತ ಇವ್ರು ಮೊದಲ ಹೇಳ್ಲಿ. ಆಮ್ಯಾಲೆ ನೀವು ಅಂದಷ್ಟು ಅಪ್ಪಿಕೊಳ್ತೀನಿ."

ಹಿಂದಿನ ಸಾಲಿನಲ್ಲಿ ಯಲ್ಲಾಲಿಂಗ ಎದ್ದು ನಿಂತ. ಗೊಲ್ಲಾಳಪ್ಪ ಮಗನನ್ನು ನೋಡಿದ, ನನ್ನನ್ನು ನೋಡಿದ. ಚಾಚಿದ ಕೈ ಇನ್ನೂ ಹಾಗೇ ಇತ್ತು. ನಿಧಾನ ಇಳಿಸಿದ.

"ನನಗ ಗೊತ್ತಿಲ್ರಿ" ಅಂದ.

ಎರಡು ವರ್ಷ ಸುಮ್ಮನಿದ್ದನಲ್ಲ, ಅದರಲ್ಲಿ ಎಲ್ಲೋ ಒಂದು ಆಸೆ ಇತ್ತು. ಈಗ ಅದೂ ಹೋಯಿತು. ನಡೆದುಕೊಂಡೇ ಮನೆಗೆ ಬಂದೆ. ಯುನುಸ ನಾಳೆಯ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ನನ್ನ ಮುಖ ನೋಡಿದ, ಮತ್ತೆ ಅಂಗಿ ನೋಡಿದ.

ಆಗಸ್ಟ್ 26, ಬೆಳಿಗ್ಗೆ

ಆಟೋ ಇನ್ನೂ ಬಂದಿಲ್ಲ. ಕೈ ಸುಮ್ಮನಿರದು, ಬರೆಯುತ್ತಿದ್ದೇನೆ.

ಈಗ ಬಾಗಿಲಲ್ಲಿ ಹನಮವ್ವ ಬಂದು ನಿಂತಳು. ಎರಡು ವರ್ಷದ ಮೇಲೆ ಈ ಹೊಸ್ತಿಲಿಗೆ. ತೇರಿಗೆ ಉಡುವ ಇಳಕಲ್ ಸೀರೆ ಉಟ್ಟಿದ್ದಳು.

"ಮಾಸ್ತರ, ನಾ ಬರ್ತೀನ್ರಿ ಕೋರ್ಟಿಗೆ. ಚಾ ಕೊಟ್ಟಾಕಿ ನಾನು. ಹೇಳಾಕಿನೂ ನಾನ."

ನಾನು ಎದ್ದು ನಿಂತೆ. ಇಮಾಮಬಿಯೇ ಕೇಳಿದಳು, "ಯಲ್ಲಾಲಿಂಗ ಏನಂತಾನಬೇ?"

"ಅವಗ ಹೇಳೇ ಬಂದೀನಿ. ತಾಟ ಒಗದಾನ. ಒಗೀಲಿ. ನಾಳೆ ಗಣಪತಿ ಮನಿಗಿ ಬರ್ತಾನ, ಅವನ ಮುಂದ ನಾ ಯಾವ ಮಾರಿ ಇಟ್ಕೊಂಡು ಕುಂದ್ರಲಿ?"

ಇಮಾಮಬಿ ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಒಲೆಯ ಮೇಲೆ ಚಹಾ. ಇಬ್ಬರೂ ಅಳುತ್ತಿದ್ದಾರೆ, ಸಕ್ಕರೆ ಹಾಕಿದರೋ ಇಲ್ಲವೋ.

ಕಿಟಕಿಯಿಂದ ಓಣಿಯ ತಿರುವು ಕಾಣುತ್ತದೆ. ಗೊಲ್ಲಾಳಪ್ಪ ನಿಂತಿದ್ದಾನೆ. ಒಗೆದ ಧೋತರ, ತಲೆಗೆ ರುಮಾಲು. ಹೆಂಡತಿಯನ್ನು ವಾಪಸು ಕರೆಯಲು ಬಂದನೋ, ತಾನೂ ಹೊರಟು ಬಂದನೋ — ಕೇಳಬೇಕು. ಈ ಕಡೆ ಬರುತ್ತಿಲ್ಲ. ಹೋಗುತ್ತಲೂ ಇಲ್ಲ. ಗೋಡೆ ಹಿಡಿದು ಕೆಮ್ಮುತ್ತಿದ್ದಾನೆ.

ಆಟೋ ಬಂತು. ಜೇಬು ನೋಡಿಕೊಂಡೆ. ಲವಂಗ ಇದೆ. ಹೋಗಿ ಅವನಿಗೆ ಕೊಡುತ್ತೇನೆ.