ಶಾಲೆ ಮುಂದಿನ ಬಿಳಿ ಪಟ್ಟೆ

ಮಗಳೇ,

ಹಾಲು ಕಾಯಿಸಿ ಮುಚ್ಚಿಟ್ಟಿದ್ದೇನೆ. ನಿನ್ನೆಯೂ ನೀನು ಸರಿಯಾಗಿ ಉಣ್ಣಲಿಲ್ಲ, ಏನಾದರೂ ಬಾಯಿಗೆ ಹಾಕಿಕೊಂಡೇ ಕೆಲಸಕ್ಕೆ ಹೋಗು.

ಶಾಲೆ ಮುಂದಿನ ರಸ್ತೆಗೆ ಇವತ್ತು ಬಿಳಿ ಪಟ್ಟೆ ಬಳಿಯುತ್ತಾರೆ, ಉಬ್ಬನ್ನೂ ಹಾಕುತ್ತಾರೆ. ಮೂರು ತಿಂಗಳು ಆ ಪಾಲಿಕೆ ಕಚೇರಿಯ ಮೆಟ್ಟಿಲು ಸವೆಸಿದ್ದಕ್ಕೆ ಕೊನೆಗೂ ಕರುಣೆ ಬಂತು. "ಮಗು ಎಲ್ಲಿ ದಾಟ್ತಿತ್ತು, ಬಂದು ತೋರಿಸಿ ಯಜಮಾನ್ರೇ" ಅಂದರು ಎಂಜಿನಿಯರು. ಅದಕ್ಕೇ ಬೇಗ ಹೊರಟೆ.

ಇನ್ನೊಂದು ಮಾತಿದೆ. ನಿನ್ನ ಮುಖ ನೋಡಿ ಹೇಳಲು ಧೈರ್ಯವಿಲ್ಲದೆ ಬರೆಯುತ್ತಿದ್ದೇನೆ. ನಿನ್ನೆ ಸಂಜೆ ನೀನು ಪುಟ್ಟಿಯ ಫೋಟೊ ಒರೆಸುತ್ತಾ, "ತಾತನ ಕೈ ಯಾಕೆ ಕೊಸರಿಕೊಂಡ್ಯೇ, ತುಂಟಿ?" ಅಂತ ಅಳುತ್ತಿದ್ದೆ. ಬಾಗಿಲಲ್ಲೇ ನಿಂತು ಕೇಳಿಸಿಕೊಂಡೆ.

ಅವಳು ಕೊಸರಿಕೊಳ್ಳಲಿಲ್ಲ ಕಣಮ್ಮ. "ತಾತ, ನಾನೀಗ ಎರಡನೇ ಕ್ಲಾಸು, ಕೈ ಬಿಡು, ಎಲ್ಲರೂ ನಗ್ತಾರೆ" ಅಂದಳು. ಬಿಟ್ಟೆ. ಎರಡೇ ಹೆಜ್ಜೆ ಮುಂದಿದ್ದಳು, ಅಷ್ಟರಲ್ಲಿ ಆ ವ್ಯಾನು ಬಂತು. ನೀನು ಆಸ್ಪತ್ರೆಗೆ ಓಡಿ ಬಂದು ಕೇಳಿದಾಗ, ಹೆದರಿ ತಪ್ಪನ್ನೆಲ್ಲ ಮಗುವಿನ ಮೇಲೆ ಹಾಕಿಬಿಟ್ಟೆ. ನೀನು ನಂಬಿದೆ. ನನ್ನನ್ನೇ ಸಮಾಧಾನ ಮಾಡಿದೆ.

ಮಕ್ಕಳೆಲ್ಲ ದಾಟಿ ಮನೆ ಸೇರಿದ ಮೇಲೆ ಬರುತ್ತೇನೆ. ನೀನು ಬಾಗಿಲು ತೆರೆಯದಿದ್ದರೂ ಬೇಜಾರಿಲ್ಲ. ಅವಳನ್ನು ಮಾತ್ರ ಇನ್ನು ಬೈಯಬೇಡ.

ಅಪ್ಪ