ರಾಜನನ್ನು ಮಲಗಿಸಿದ ಅಪರಾಧ

ಗ್ರಂಥಾಲಯದ ಪ್ರದರ್ಶನಾಧಿಕಾರಿಗಳೇ,

ನನ್ನ ತಾಯಿ ನಾಗವೇಣಿ ರಾಜದ್ರೋಹಿಯಲ್ಲ. ಮೈಸೂರಿನಿಂದ ಪರ್ತ್‌ಗೆ ಮೊಮ್ಮಗಳನ್ನು ನೋಡಲು ಬಂದಿರುವ, ಸಕ್ಕರೆ ಕಾಯಿಲೆಯಿದ್ದೂ ಕದ್ದು ಲಾಡು ತಿನ್ನುವ, ಮಂಡಿ ನೋವಿನ ಹೆಂಗಸು. ಅವರು ನಿಮ್ಮ ಗ್ರಂಥಾಲಯದಲ್ಲಿ ಒಂದು ಮರದ ಗೊಂಬೆಯನ್ನು ಮಲಗಿಸಿದರೆಂದು ತಾವು ನನ್ನ ಮಗಳ ಪ್ರದರ್ಶನವನ್ನೇ ಎತ್ತಿಸಿ ಉಗ್ರಾಣಕ್ಕೆ ಹಾಕಿಸಿದ್ದೀರಿ. ‘ರಾಜಪ್ರಭುತ್ವವನ್ನು ಉರುಳಿಸುವ ಸಂದೇಶ, ಕುಟುಂಬಗಳಿಗೆ ಸೂಕ್ತವಲ್ಲ’ ಎಂಬ ತಮ್ಮ ಷರಾ ಓದಿ ಮೊದಲು ನಕ್ಕೆ. ಆಮೇಲೆ ಅಮ್ಮನ ಮುಖ ನೋಡಿದೆ, ನಗು ನಿಂತಿತು.

ಶಾಲೆಗಳ ರಜೆಯಲ್ಲಿ ‘ಆಟಿಕೆಗಳಲ್ಲಿ ಇತಿಹಾಸ’ ಎಂದು ಮಕ್ಕಳನ್ನು ಕರೆದವರು ತಾವೇ. ಒಂಬತ್ತನೇ ತರಗತಿಯ ನನ್ನ ಮಗಳು ಪ್ರಣತಿ ಆರಿಸಿಕೊಂಡದ್ದು ಸ್ವಾತಂತ್ರ್ಯಕ್ಕೆ ಮುಂಚಿನ ಅಮೆರಿಕವನ್ನು, ಬ್ರಿಟಿಷರ ವಸಾಹತಾಗಿದ್ದಾಗ ಅಲ್ಲಿನ ಜನರ ಬದುಕು, ವ್ಯಾಪಾರ ಹೇಗೆ ಬದಲಾದವು ಎಂಬುದನ್ನು. “ಬೇರೆ ಏನೂ ಸಿಗ್ಲಿಲ್ವೇನೇ?” ಎಂದೆ. “ಅಮ್ಮಾ, ಇಟ್ಸ್ ಬೇಸಿಕಲಿ ಅಸ್. ಕೇಮ್ ಫಾರ್ ವರ್ಕ್ ಅಂಡ್ ಸ್ಟೇಡ್” ಎಂದಳು, ಕೆಲಸಕ್ಕೆ ಬಂದು ನೆಲೆ ನಿಂತವರೆಂದು. ಪರ್ತ್‌ನ ಈ ಪಿಯಾರಾ ವಾಟರ್ಸ್ ಬಡಾವಣೆಯಲ್ಲಿ ಮನೆ ಮಾಡಿಕೊಂಡು ಕೂತ ನಾನು ಸರಿ ಎಂದೆ.

ಗೊಂಬೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅಮ್ಮ ಅಧಿಕಾರ ವಹಿಸಿಕೊಂಡರು. ಮೈಸೂರಿನವರಿಗೆ ಗೊಂಬೆ ಎಂದರೆ ದಸರೆ, ದಸರೆ ಎಂದರೆ ಮೆಟ್ಟಿಲು. ಅವರ ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆಗಳು, ಅಂದರೆ ಮರದ ರಾಜ ರಾಣಿ, ಅಮ್ಮನ ಬ್ಯಾಗಿನಲ್ಲೇ ಬಂದಿದ್ದರು. ಪರ್ತ್ ವಿಮಾನ ನಿಲ್ದಾಣದಲ್ಲಿ ಮರದ ವಸ್ತುವೆಂದು ಅವರನ್ನು ತಿರುಗಿಸಿ ಮುರುಗಿಸಿ ನೋಡಿ, ಹುಳ ಹಿಡಿದಿಲ್ಲವೆಂದು ಬಿಟ್ಟುಕೊಟ್ಟರು. ಅಲ್ಲಿ ಪಾಸಾದ ರಾಜ ತಮ್ಮಲ್ಲಿ ಸಿಕ್ಕಿಬಿದ್ದ.

ದಸರೆಯ ಮೊದಲ ದಿನವೇ ಗ್ರಂಥಾಲಯದಲ್ಲಿ ಮೆಟ್ಟಿಲು ಕಟ್ಟಿದೆವು. ಮೇಲಿನ ಮೆಟ್ಟಿಲಲ್ಲಿ ಕಡಲಾಚೆಯ ರಾಜ ರಾಣಿ. ಕೆಳಗೆ ಗವರ್ನರ್, ಹೊಗೆಸೊಪ್ಪಿನ ತೋಟದ ಧಣಿಗಳು. ಮೂರನೆಯದರಲ್ಲಿ ಬಂದರಿನ ವ್ಯಾಪಾರಿಗಳು. ಅಲ್ಲಿಗೆ ನಮ್ಮ ಶೆಟ್ಟರ ಗೊಂಬೆಯೇ ಬಂತು. “ಬೇಳೆ ಮಾರ್ದೋರಿಗೆ ಟೀ ಮಾರೋದು ಕಷ್ಟವೇನೇ? ಕೂರ್ಸು” ಎಂದರು ಅಮ್ಮ. ಆಮೇಲೆ ರೈತರು, ಕಮ್ಮಾರರು, ಇಂಗ್ಲೆಂಡಿನ ಬಟ್ಟೆ ಬೇಡವೆಂದು ಮನೆಯಲ್ಲೇ ನೂಲು ತೆಗೆದ ಹೆಂಗಸರು. ಐದನೆಯದರಲ್ಲಿ ಹಡಗಿನ ಚಾರ್ಜಿಗಾಗಿ ವರ್ಷಗಟ್ಟಲೆ ದುಡಿಯುವ ಕರಾರು ಬರೆದುಕೊಟ್ಟು ಬಂದವರು. ಪ್ರಣತಿ ದಿನವೂ ಬಂದು ಕೆಲವು ಗೊಂಬೆಗಳನ್ನು ಮೇಲೇರಿಸುತ್ತಿದ್ದಳು: ಕರಾರು ಮುಗಿಸಿದವನು ರೈತನಾದ, ಶೆಟ್ಟರು ಧಣಿಗಳ ಪಕ್ಕಕ್ಕೆ ಬಡ್ತಿ ಪಡೆದರು. ಮೆಟ್ಟಿಲೇ ಇಲ್ಲದೆ ನೆಲದ ಮೇಲಿದ್ದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. “ಇವ್ರನ್ನ ಯಾವಾಗ ಹತ್ತಿಸ್ತೀಯೇ ಪುಟ್ಟಿ?” ಎಂದು ಅಮ್ಮ ಕೇಳಿದರು. “ದೆ ಡೋಂಟ್, ಅಜ್ಜಿ” ಎಂದಳು. ಅಮ್ಮ ಅವರನ್ನು ಎಲ್ಲರಿಗೂ ಕಾಣುವಂತೆ ಇನ್ನಷ್ಟು ಮುಂದಕ್ಕೆ ಸರಿಸಿದರು. ಮಾನ್ಯರೇ, ದಸರೆಯುದ್ದಕ್ಕೂ ಅವರು ನೆಲದ ಮೇಲಿದ್ದರು. ಅದು ಯಾವ ಕುಟುಂಬಕ್ಕೂ ಅಸೂಕ್ತವೆಂದು ತಮಗೆ ಅನ್ನಿಸಲಿಲ್ಲವೇ? ರಾಜ ಅಡ್ಡಾದಾಗಲೇ ಎಚ್ಚರವಾಯಿತೇ?

ವಿಜಯದಶಮಿಯ ಸಂಜೆ ನಡೆದದ್ದು ಇಷ್ಟೇ. ಹಬ್ಬ ಮುಗಿದಾಗ ಪಟ್ಟದ ಗೊಂಬೆಯನ್ನು ಮಲಗಿಸುವುದು ನಮ್ಮ ಮನೆಯ ಪದ್ಧತಿ. ಇಷ್ಟು ದಿನ ನಿಂತು ದಣಿದಿರುತ್ತಾರೆ, ಮಲಗಲಿ ಎಂದು. ಗ್ರಂಥಾಲಯವೆಂಬುದು ಅಮ್ಮನಿಗೆ ಮರೆತೇಹೋಯಿತು. ರಾಜನನ್ನು ಮಲಗಿಸಿ, ಕರವಸ್ತ್ರ ಹೊದಿಸಿ ಬಂದರು. ಅಮೆರಿಕದವರು ಯುದ್ಧ ಮಾಡಿ ಸಾಧಿಸಿದ್ದನ್ನು ನನ್ನ ತಾಯಿ ಒಂದು ಕರವಸ್ತ್ರದಲ್ಲಿ ಮುಗಿಸಿದರೆಂದು ತಾವು ನಂಬಿದಿರಿ. ಉರುಳಿಸಿದವರು ಹೊದಿಕೆ ಹೊದಿಸುತ್ತಾರೆಯೇ ಎಂದು ಒಂದು ಮಾತು ಕೇಳಬಾರದಿತ್ತೇ?

ಭಾನುವಾರ ಅಮ್ಮ ಊರಿಗೆ ಹೊರಡುತ್ತಾರೆ. “ನನ್ನಿಂದ ಮಗೂದು ಕೆಲಸ ಕೆಟ್ಟೋಯ್ತಲ್ಲೇ” ಎಂದು ಕುಂತಲ್ಲಿ ನಿಂತಲ್ಲಿ ಅದೇ ಮಾತು. ಈ ಕೊರಗನ್ನು ಕಟ್ಟಿಕೊಂಡು ಅವರು ವಿಮಾನ ಹತ್ತುವುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ರಾಜನನ್ನು ಎಬ್ಬಿಸಿ ನಿಲ್ಲಿಸಿದರೆ ಪ್ರದರ್ಶನ ವಾಪಸು ಇಡುವುದಾಗಿ ನಿನ್ನೆ ತಾವು ಉದಾರವಾಗಿ ಹೇಳಿದಿರಿ. ಒಪ್ಪಿಕೊಂಡುಬಿಡು ಎಂದು ಪ್ರಣತಿಗೆ ನಾನೇ ಕಣ್ಸನ್ನೆ ಮಾಡಿದೆ. ನಾನು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ನನ್ನ ಮಗಳು ತಮ್ಮ ಮುಖ ನೋಡಿಕೊಂಡೇ ಕನ್ನಡದಲ್ಲಿ ಏನೋ ಹೇಳಿ ಹೊರಟುಬಿಟ್ಟಳು. ಅದು ಬೈಗುಳವೇ ಎಂದು ತಾವು ನನ್ನನ್ನು ಕೇಳಿದಿರಿ. ಆಗ ಅವಳ ಹಿಂದೆ ಓಡಿದೆ, ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಅವಳು ಹೇಳಿದ್ದು: “ನಮ್ಮಜ್ಜಿ ಮಲಗಿಸಿದಾರೆ. ನಾನು ಎಬ್ಬಿಸಲ್ಲ.”

ಆದ್ದರಿಂದ ಶನಿವಾರದೊಳಗೆ ಮೆಟ್ಟಿಲುಗಳು ಇದ್ದ ಜಾಗಕ್ಕೆ ಬರಬೇಕು. ನೆಲದ ಮೇಲಿದ್ದವರು ಮುಂದೆಯೇ ಇರಬೇಕು, ರಾಜ ಮಲಗಿಯೇ ಇರಬೇಕು. ಅಮ್ಮನನ್ನು ನಾನು ಕರೆತರುತ್ತೇನೆ. ಕರವಸ್ತ್ರವನ್ನು ತಾವೇ ಹೊದಿಸಿ.

ಇಂತಿ,
ಒಬ್ಬ ಆರೋಪಿಯ ಮಗಳು, ಇನ್ನೊಬ್ಬಳ ತಾಯಿ,
ಸೌಜನ್ಯ
ಪಿಯಾರಾ ವಾಟರ್ಸ್, ಪರ್ತ್