ಮಾವನ ಎಡೆಗೆ ಹೊಗೆಸೊಪ್ಪು

೨೪ ಫೆಬ್ರವರಿ ೧೯೬೦, ಬುಧವಾರ. ಸುಂಟಿಕೊಪ್ಪ.

ಇವತ್ತೂ ಹೊಗೆಸೊಪ್ಪಿನದೇ ರಗಳೆ. ಬಜೆಟ್‌ನಲ್ಲಿ ತೆರಿಗೆ ಏರುತ್ತದೆಂದು ವ್ಯಾಪಾರಿಗಳು ಮಾಲು ಬಚ್ಚಿಡುತ್ತಾರಂತೆ. ಅದಕ್ಕೆ ಸರ್ಕಾರ ಹೊಗೆಸೊಪ್ಪು, ಬ್ರಾಂದಿ ಎರಡನ್ನೂ ಅಂಗಡಿಗಳಿಗೆ ಅಳೆದು ಅಳೆದು ಕೊಡುತ್ತಿದೆ. ಬಜೆಟ್ ಎಲ್ಲೋ, ಜಗಿಯಲು ಹೊಗೆಸೊಪ್ಪಿಲ್ಲದ ಅತ್ತೆಯ ಬೈಗುಳ ನನಗೆ. ಅಂಗಡಿಯ ಮೊಯ್ದು ಕಾಕ ಕೊಟ್ಟದ್ದು ಒಂದೇ ತುಂಡು. "ಇಷ್ಟೇ ಅಕ್ಕ, ಬಜೆಟ್ ಆಗುವ ತನಕ ನಂಗೂ ಇಲ್ಲ" ಎಂದರು.

ಸಂಜೆ, ತೀರಿಹೋದ ಮಾವನಿಗೆ ಎಡೆ ಇಡುವುದಿತ್ತು. ಬಾಯಿ ಒಣಗಿ ಸಿಡುಕುತ್ತಿದ್ದರೂ ಅತ್ತೆ ಆ ತುಂಡನ್ನು ಮುಟ್ಟಿರಲಿಲ್ಲ. ಕೋಳಿಸಾರು, ಕಾಲು ಲೋಟ ಬ್ರಾಂದಿಯ ಜೊತೆ ಅದನ್ನೂ ಇಟ್ಟೆವು. ಹಿರಿಯರು ಉಣ್ಣುವಾಗ ನೋಡಬಾರದಲ್ಲ, ಎಲ್ಲರೂ ಹೊರಗೆ ಬಂದೆವು. ಕೊನೆಗೆ ಬಂದು ಬಾಗಿಲು ಎಳೆದುಕೊಂಡವರು ಅತ್ತೆ.

ಬಾಗಿಲು ತೆರೆದಾಗ ಬ್ರಾಂದಿ ಹಾಗೇ ಇತ್ತು, ಹೊಗೆಸೊಪ್ಪು ಇರಲಿಲ್ಲ. ನಮ್ಮ ಯಜಮಾನರು ನನ್ನ ಮುಖ ನೋಡಿದರು.

"ನಿನ್ನ ಮಾವನೇ ತಕಂಡೊ" ಎಂದರು ಅತ್ತೆ, ಉಬ್ಬಿದ ಕೆನ್ನೆಯನ್ನು ಅತ್ತ ತಿರುಗಿಸಿ.

ಆಗ ನಗು ತಡೆದುಕೊಂಡಿದ್ದೆ. ಈಗ ಬರೆಯುವಾಗ ನಗು ಬರುತ್ತಿಲ್ಲ. ಮಾವ ಇದ್ದಾಗಲೂ ಇಬ್ಬರಿಗೂ ಒಂದೇ ಎಲೆಅಡಿಕೆ ಸಂಚಿ. ಅರ್ಧ ಮುರಿದು ಅತ್ತೆಯ ಕೈಗಿಟ್ಟೇ ಅವರು ಬಾಯಿಗೆ ಹಾಕಿಕೊಳ್ಳುತ್ತಿದ್ದುದು.